ಸಿ.ಡಿ.ಯ ಸಂಗೀತವನ್ನು ಕಂಪ್ಯೂಟರಿಗೆ ತಪ್ಪಿಲ್ಲದೆ, ಬೇಗ ಇಳಿಸಿಕೊಳ್ಳುವುದು ಹೇಗೆ?

ಆಡಿಯೊ ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ಸಂಗೀತ 75 ಸೆಕ್ಟರ್‌ಗಳಲ್ಲಿರುತ್ತದೆ; ಒಂದೊಂದು ಸೆಕ್ಟರ್‌ನಲ್ಲಿ ಧ್ವನಿಯನ್ನು ಕ್ಷಣಕ್ಷಣಕ್ಕೂ ಅಳೆದ 588 ಸ್ಯಾಂಪಲ್‌ಗಳಿರುತ್ತವೆ. ಕಡತಗಳನ್ನು ತುಂಬಿದ ಡೇಟಾ ಸಿ.ಡಿ.ಗೆ ಇರುವ ಹೆಚ್ಚುವರಿ ದೋಷ ತಿದ್ದುವ ವ್ಯವಸ್ಥೆ ಇದಕ್ಕಿಲ್ಲ. ಹೀಗಾಗಿ ಗೀರು ಬಿದ್ದ ಕಡೆ ಓದಲಾಗದಿದ್ದರೆ ಡ್ರೈವ್ ಅಕ್ಕಪಕ್ಕದ ಮೌಲ್ಯಗಳಿಂದ ಅಂದಾಜು ಮಾಡಿ ಜಾಗ ತುಂಬುತ್ತದೆ, ತಪ್ಪಾಯಿತೆಂದು ಸಾಮಾನ್ಯವಾಗಿ ತಿಳಿಸುವುದೂ ಇಲ್ಲ. ಆ ತಪ್ಪನ್ನು ಹಿಡಿಯುವ ಹೊಣೆ ತಂತ್ರಾಂಶದ್ದು. ವಿಂಡೋಸ್‌ನಲ್ಲಿ ಈ ಕೆಲಸಕ್ಕೆ ಜರ್ಮನಿಯ ಆಂಡ್ರೆ ವೀಥಾಫ್ ಬರೆದ, ಉಚಿತವಾಗಿ ಸಿಗುವ 'ಎಕ್ಸಾಕ್ಟ್ ಆಡಿಯೊ ಕಾಪಿ'ಯನ್ನು ನಾನು ಸೂಚಿಸುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ ಡ್ರೈವ್ ಇಲ್ಲದವರಿಗೆ ಯು.ಎಸ್.ಬಿ. ಡ್ರೈವ್ ಸಾಕು.

ಮೊದಲು ಗೀರಿಲ್ಲದ ಒಂದು ಸಿ.ಡಿ. ಹಾಕಿ, ಎಫ್10 ಒತ್ತಿ ಡ್ರೈವ್ ಆಯ್ಕೆಗಳನ್ನು ತೆರೆಯಿರಿ. ಅಲ್ಲಿ ಓದುವ ವಿಧಾನವನ್ನು 'ಸೆಕ್ಯೂರ್' ಎಂದು ಆರಿಸಿ, ಡ್ರೈವ್‌ನ ಗುಣಗಳನ್ನು ಪತ್ತೆ ಮಾಡುವ ಗುಂಡಿಯನ್ನು ಒತ್ತಿ. ತಂತ್ರಾಂಶ ಮೂರು ವಿಷಯಗಳನ್ನು ಪರೀಕ್ಷಿಸುತ್ತದೆ. ಅವುಗಳಲ್ಲಿ ಕ್ಯಾಶ್, ಅಂದರೆ ಓದಿದ್ದನ್ನು ಡ್ರೈವ್ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ, ಮುಖ್ಯವಾದದ್ದು. ಸೆಕ್ಯೂರ್ ವಿಧಾನ ಪ್ರತಿ ಸೆಕ್ಟರನ್ನೂ ಎರಡು ಸಲ ಓದಿ ಹೋಲಿಸುತ್ತದೆ. ಹೊಂದದಿದ್ದರೆ 16 ಸಲ ಓದಿ, ಅದರಲ್ಲಿ 8 ಫಲಿತಾಂಶವಾದರೂ ಒಂದೇ ಆಗಿರಬೇಕೆಂದು ನೋಡುತ್ತದೆ. ಆದರೆ ಡ್ರೈವ್ ಎರಡನೆಯ ಸಲ ತಟ್ಟೆಯನ್ನು ಓದದೆ ತನ್ನ ಕ್ಯಾಶ್‌ನಲ್ಲಿದ್ದುದನ್ನೇ ಮರಳಿ ಕೊಟ್ಟರೆ ಈ ಹೋಲಿಕೆಗೆ ಅರ್ಥವೇ ಉಳಿಯುವುದಿಲ್ಲ. ಕ್ಯಾಶ್ ಇದೆಯೆಂದು ಗುರುತು ಹಾಕಿದರೆ ತಂತ್ರಾಂಶ ಪ್ರತಿ ಸಲವೂ ಅದನ್ನು ಬರಿದು ಮಾಡಿ ಓದುತ್ತದೆ. ಓದುವಾಗ ತಪ್ಪಾದುದನ್ನು ತಿಳಿಸುವ ಸಿ2 ದೋಷ ಸೂಚನೆಯನ್ನು ಎಲ್ಲ ಡ್ರೈವ್‌ಗಳೂ ಸರಿಯಾಗಿ ಕೊಡುವುದಿಲ್ಲವಾದ್ದರಿಂದ ಅದನ್ನು ಬಳಸದಿರುವುದೇ ಕ್ಷೇಮ.

ಮುಂದಿನದು ಆಫ್‌ಸೆಟ್. ಪ್ರತಿ ಮಾದರಿಯ ಡ್ರೈವ್ ಕೆಲವು ಸ್ಯಾಂಪಲ್ ಹಿಂದೆ ಅಥವಾ ಮುಂದೆ ಓದಲು ತೊಡಗುತ್ತದೆ. ಕೆಲವಕ್ಕೆ ತಿದ್ದುಪಡಿ 6 ಸ್ಯಾಂಪಲ್, ಕೆಲವಕ್ಕೆ 667, ಅಂದರೆ ಸುಮಾರು 15 ಮಿಲಿಸೆಕೆಂಡು. ಕಿವಿಗೆ ಇದು ತಿಳಿಯದು. ಆದರೂ ಇದನ್ನು ಸರಿಪಡಿಸಲೇಬೇಕು. ಏಕೆಂದರೆ 'ಅಕ್ಯುರೇಟ್‌ರಿಪ್' ಎಂಬ ಅಂತರಜಾಲದ ದತ್ತಾಂಶ ಕೋಶ ಅದೇ ಸಿ.ಡಿ.ಯನ್ನು ಇಳಿಸಿಕೊಂಡ ಇತರರ ಫಲಿತಾಂಶಗಳನ್ನು ಇಟ್ಟುಕೊಂಡಿರುತ್ತದೆ. ಆಫ್‌ಸೆಟ್ ಸರಿಯಿದ್ದಾಗಲೇ ನಿಮ್ಮ ಪ್ರತಿಯನ್ನು ಅವುಗಳೊಂದಿಗೆ ಹೋಲಿಸಲು ಸಾಧ್ಯ. ಹೆಚ್ಚು ಮಾರಾಟವಾದ ಯಾವುದಾದರೂ ಸಿ.ಡಿ.ಯನ್ನು ಹಾಕಿದರೆ, ಅದು ಕೋಶದಲ್ಲಿದ್ದಲ್ಲಿ ತಂತ್ರಾಂಶ ತಾನೇ ಆಫ್‌ಸೆಟ್ ಕಂಡುಕೊಳ್ಳುತ್ತದೆ.

ವೇಗ ದೊರಕುವುದು ಈ ಕೋಶದಿಂದಲೇ. ಆಫ್‌ಸೆಟ್ ಹೊಂದಿಸಿದ ಮೇಲೆ ಚೆನ್ನಾಗಿರುವ ಸಿ.ಡಿ.ಗಳನ್ನು 'ಬರ್ಸ್ಟ್' ವಿಧಾನದಲ್ಲಿ ಒಂದೇ ಸಲ ಓದಿಸಿ. ವರದಿಯಲ್ಲಿ ಎಲ್ಲ ಹಾಡುಗಳೂ ಅಕ್ಯುರೇಟ್‌ರಿಪ್‌ಗೆ ಹೊಂದಿದರೆ ಆ ಸಿ.ಡಿ.ಯ ಕೆಲಸ ಮುಗಿಯಿತು: ಬೇರೆಬೇರೆ ಡ್ರೈವ್‌ಗಳು ಒಂದೇ ತಪ್ಪನ್ನು ಒಂದೇ ಜಾಗದಲ್ಲಿ ಮಾಡುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಹೊಂದದ ಹಾಡುಗಳನ್ನಷ್ಟೇ ಸೆಕ್ಯೂರ್ ವಿಧಾನದಲ್ಲಿ ಮತ್ತೆ ಓದಿಸಿದರಾಯಿತು.

ನಮ್ಮಲ್ಲಿ ಅನೇಕರ ಬಳಿ ಇರುವುದು ಕಡಿಮೆ ಪ್ರತಿಗಳಲ್ಲಿ ಬಂದ ಸಂಗೀತ ಕಚೇರಿಗಳ ಸಿ.ಡಿ., ಇಲ್ಲವೇ ಯಾರೋ ಬರೆದುಕೊಟ್ಟ ಸಿ.ಡಿ.-ಆರ್. ಇಂಥವು ಕೋಶದಲ್ಲಿ ಸಿಗದಿರಬಹುದು. ಆಗ ಸೆಕ್ಯೂರ್ ವಿಧಾನದಲ್ಲೇ 'ಟೆಸ್ಟ್ ಅಂಡ್ ಕಾಪಿ' ಆರಿಸಿ. ತಂತ್ರಾಂಶ ಹಾಡನ್ನು ಎರಡು ಬಾರಿ ಓದಿ, ಪ್ರತಿ ಬಾರಿ ಓದಿದ್ದರಿಂದ ಲೆಕ್ಕಹಾಕಿದ ಸಿ.ಆರ್.ಸಿ. ಎಂಬ ತಾಳೆ ಸಂಖ್ಯೆಗಳನ್ನು ಕೊಡುತ್ತದೆ, ಎರಡೂ ಒಂದೇ ಇದ್ದರೆ ಪ್ರತಿ ಸರಿಯಿದೆಯೆಂದು ಬಹುಮಟ್ಟಿಗೆ ನಂಬಬಹುದು. ಸಮಯ ಹಿಡಿಯುತ್ತದೆ, ಆದರೆ ಬೇರೆಲ್ಲೂ ಸಿಗದ ಧ್ವನಿಮುದ್ರಣಕ್ಕೆ ಅಷ್ಟು ಸಮಯ ಕೊಡಲೇಬೇಕು.

ಎಫ್11 ಒತ್ತಿ ಉಳಿಸುವ ರೂಪವನ್ನು ಫ್ಲ್ಯಾಕ್ ಎಂದು ಆರಿಸಿ. ಇದು ಒಂದು ಸ್ಯಾಂಪಲನ್ನೂ ಕಳೆಯದೆ ಗಾತ್ರವನ್ನು ಇಳಿಸುತ್ತದೆ. ರಾಗ, ತಾನ, ಪಲ್ಲವಿಗಳನ್ನು ಬೇರೆಬೇರೆ ಟ್ರ್ಯಾಕ್‌ಗಳಾಗಿ ಒಡೆದ ಸಿ.ಡಿ.ಗಳಲ್ಲಿ ಎಂಪಿ3 ಬಳಸಿದರೆ ನಡುವೆ ತಂಬೂರಿಯ ನಾದ ಕ್ಷಣಕಾಲ ಕಡಿದುಹೋಗಬಹುದು. ಫ್ಲ್ಯಾಕ್‌ನಲ್ಲಿ ಆ ತೊಂದರೆ ಇರುವುದಿಲ್ಲ. ಸಂಕೋಚನದ ಮಟ್ಟ 5 ಸಾಕು, 8ಕ್ಕೆ ಏರಿಸಿದರೂ ಉಳಿತಾಯ ಅಲ್ಪ. ಧ್ವನಿಮಟ್ಟ ಸಮಗೊಳಿಸುವ ಹಾಗೂ ಮೊದಲು-ಕೊನೆಯ ಮೌನವನ್ನು ಕತ್ತರಿಸುವ ಆಯ್ಕೆಗಳನ್ನು ತೆಗೆದುಹಾಕಿ, ಏಕೆಂದರೆ ಅವು ಮೂಲವನ್ನೇ ಬದಲಿಸುತ್ತವೆ.

ಇಷ್ಟಾದರೂ ಒಂದು ಹಾಡು ಹೊಂದದಿದ್ದರೆ, ಸಿ.ಡಿ.ಯನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತು ಹಾಕಿ ಒರೆಸಬೇಡಿ. ಆಮೇಲೆ ಬೇರೊಂದು ಡ್ರೈವ್‌ನಲ್ಲಿ ಓದಿಸಿ ನೋಡಿ. ಒಂದು ಓದಲಾರದ್ದನ್ನು ಇನ್ನೊಂದು ಓದುವುದುಂಟು.