ಸುದ್ದಿಯಲ್ಲಿರುವ ಕೊಲೆ ಪ್ರಕರಣ: ಆರೋಪಿಯ ಮನೆಯವರು ಮಾಡಬೇಕಾದದ್ದು, ಮಾಡಬಾರದ್ದು

ಕೊಲೆ ಆರೋಪದ ಮೇಲೆ ಮನೆಯವರೊಬ್ಬರ ಬಂಧನವಾಗಿ, ಅದೇ ಸಂಜೆ ಸುದ್ದಿವಾಹಿನಿಗಳ ವಾಹನಗಳು ಮನೆಯ ಮುಂದೆ ಬಂದು ನಿಂತಾಗ, ಮೈಕಿನ ಮುಂದೆ ಹೋಗಿ ‘ನಮ್ಮ ಹುಡುಗ ಅಂಥವನಲ್ಲ’ ಎಂದು ಹೇಳಿಬಿಡಬೇಕೆನಿಸುವುದು ಸಹಜ. ಆದರೆ ಭಾರತದಲ್ಲಿ ಕೊಲೆ ಪ್ರಕರಣದ ತೀರ್ಪು ಕೊಡುವವರು ಸೆಷನ್ಸ್ ನ್ಯಾಯಾಧೀಶರು, ಮತ್ತು ಅವರು ಕೊಡುವುದು ಕಡತದಲ್ಲಿರುವ ಸಾಕ್ಷ್ಯದ ಮೇಲೆ. ನೌಕಾಪಡೆಯ ಅಧಿಕಾರಿ ನಾನಾವತಿ ಆರೋಪಿಯಾಗಿದ್ದ 1959ರ ಕೊಲೆ ಪ್ರಕರಣದಲ್ಲಿ ‘ಬ್ಲಿಟ್ಜ್’ ವಾರಪತ್ರಿಕೆ ಆರೋಪಿಯ ಪರವಾಗಿ ಬಹಿರಂಗ ಪ್ರಚಾರ ನಡೆಸಿತ್ತು; ಜ್ಯೂರಿ (ತೀರ್ಪು ಹೇಳಲು ಕೂರಿಸುತ್ತಿದ್ದ ಸಾಮಾನ್ಯ ನಾಗರಿಕರ ಮಂಡಳಿ) 8–1ರ ಬಹುಮತದಿಂದ ‘ನಿರ್ದೋಷಿ’ ಎಂದಿತು. ಆದರೂ ಬಾಂಬೆ ಹೈಕೋರ್ಟ್ ಅವರನ್ನು ಶಿಕ್ಷೆಗೊಳಪಡಿಸಿತು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಈಗ ಒಲಿಸಿಕೊಳ್ಳಲು ಜ್ಯೂರಿಯೂ ಇಲ್ಲ. ಹಾಗೆಂದು ಪ್ರಚಾರದಿಂದ ಹಾನಿಯೇ ಇಲ್ಲವೆಂದಲ್ಲ. ಆ ಹಾನಿ ಬರುವುದು ಬೇರೆ ದಾರಿಗಳಿಂದ: ಸಾಕ್ಷಿಗಳ ನೆನಪಿನ ಮೂಲಕ, ಹಲವರ ನಡುವೆ ನಿಂತ ಆರೋಪಿಯನ್ನು ಸಾಕ್ಷಿ ತೋರಿಸಬೇಕಾದ ಗುರುತು ಪತ್ತೆ ಪರೇಡ್‌ನ ಮೂಲಕ, ಜಾಮೀನು ಅರ್ಜಿಯ ಮೂಲಕ ಮತ್ತು ಕುಟುಂಬದವರದೇ ಮಾತಿನ ಮೂಲಕ. ಈ ದಾರಿಗಳನ್ನು ಒಂದೊಂದಾಗಿ ಕಾಯುವುದೇ ಕುಟುಂಬದ ಪಾಲಿನ ಕೆಲಸ. ವಿಚಾರಣೆ ಬಾಕಿಯಿರುವ ಪ್ರಕರಣಗಳಲ್ಲಿ ಯಾರ ಹೆಸರನ್ನೂ ಇಲ್ಲಿ ಬೇಕೆಂದೇ ಹೇಳಿಲ್ಲ.

ಮೊದಲ 24 ಗಂಟೆಗಳಿಂದ ಆರಂಭಿಸೋಣ. ಸಂವಿಧಾನದ 22ನೇ ವಿಧಿಯ ಪ್ರಕಾರ ಬಂಧನದ ಕಾರಣ ತಿಳಿಯುವ ಹಕ್ಕು, ತನ್ನ ಆಯ್ಕೆಯ ವಕೀಲರೊಡನೆ ಸಮಾಲೋಚಿಸುವ ಹಕ್ಕು ಮತ್ತು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕು ಬಂಧಿತನಿಗಿದೆ. ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 48ರಂತೆ ಬಂಧನದ ಮಾಹಿತಿಯನ್ನು ಪೊಲೀಸರು ಸಂಬಂಧಿಕರಿಗೋ ಸ್ನೇಹಿತರಿಗೋ ತಿಳಿಸಬೇಕು. ಕಲಂ 38ರಂತೆ ಪೊಲೀಸರ ವಿಚಾರಣೆಯ ವೇಳೆ ವಕೀಲರನ್ನು ಭೇಟಿಯಾಗಬಹುದು, ಆದರೆ ವಿಚಾರಣೆ ಮುಗಿಯುವವರೆಗೂ ಅವರು ಪಕ್ಕದಲ್ಲಿ ಕೂರುವಂತಿಲ್ಲ. ಕುಟುಂಬದವರು ಆ ರಾತ್ರಿಯೇ ಒಂದು ನೋಟ್‌ಬುಕ್ ತೆರೆದು, ಪೊಲೀಸರು ಮನೆಗೆ ಎಷ್ಟು ಗಂಟೆಗೆ ಬಂದರು, ಯಾವ ಠಾಣೆಯವರು, ಯಾರು ಯಾರಿದ್ದರು, ಯಾವ ವಸ್ತುಗಳನ್ನು ತೆಗೆದುಕೊಂಡರು, ಯಾವ ಕಾಗದಕ್ಕೆ ಸಹಿ ಹಾಕಿಸಿಕೊಂಡರು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡಬೇಕು. ಬಂಧನದ ಸಮಯವೆಂದು ಕಡತದಲ್ಲಿ ನಮೂದಾಗುವುದಕ್ಕೂ ವ್ಯಕ್ತಿಯನ್ನು ನಿಜವಾಗಿ ಕರೆದೊಯ್ದ ಸಮಯಕ್ಕೂ ಅಂತರವಿದ್ದರೆ ಅದನ್ನು ತೋರಿಸಲು ಇಂಥ ಟಿಪ್ಪಣಿಯೇ ಮೊದಲ ಆಧಾರವಾಗುತ್ತದೆ.

ಬಂಧನದ ಕಾರಣಗಳನ್ನು ಲಿಖಿತವಾಗಿ, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ, ತಡವಾದರೂ ಬಂಧನ ಮುಂದುವರಿಸಲು ಮ್ಯಾಜಿಸ್ಟ್ರೇಟರ ಆದೇಶ ಪಡೆಯುವ ರಿಮಾಂಡ್‌ಗೆ ಹಾಜರುಪಡಿಸುವ ಎರಡು ಗಂಟೆ ಮುಂಚಿತವಾಗಿ ಕೊಡಬೇಕೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಇದೊಂದೇ ಲೋಪದ ಮೇಲೆ ಜಾಮೀನು ಕೊನೆಯವರೆಗೆ ನಿಲ್ಲುತ್ತದೆಂದು ನಂಬಿ ಕೂರಬಾರದು. ಅದೇ ವರ್ಷದ ಆಗಸ್ಟ್‌ನಲ್ಲಿ, ನಮ್ಮ ರಾಜ್ಯದಲ್ಲಿ ಬಹಳ ಸುದ್ದಿಯಾದ ಕೊಲೆ ಪ್ರಕರಣವೊಂದರಲ್ಲಿ ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನು ಸುಪ್ರೀಂ ಕೋರ್ಟ್ ರದ್ದುಪಡಿಸುವಾಗ, ಆ ಲೋಪದಿಂದ ಆರೋಪಿಗೆ ನಿಜವಾದ ತೊಂದರೆಯಾಗಿರುವುದನ್ನು ತೋರಿಸಬೇಕೆಂಬ ನಿಲುವು ತಳೆದಿತ್ತು.

ರಿಮಾಂಡ್‌ನ ಆ ಕೆಲವು ನಿಮಿಷಗಳು ಸುದ್ದಿಯಲ್ಲಿ ‘ಕೋರ್ಟ್‌ಗೆ ಹಾಜರು’ ಎಂಬ ಒಂದು ಸಾಲಾಗಿ ಮುಗಿದುಹೋಗುತ್ತವೆ. ಪ್ರಕರಣದ ಮಟ್ಟಿಗೆ ಅವು ಬಹಳ ದೊಡ್ಡವು. ಕಿಕ್ಕಿರಿದ ನ್ಯಾಯಾಲಯ, ಹೊರಗೆ ಕೂಗಾಟ, ಎರಡು ರಾತ್ರಿ ನಿದ್ದೆಯಿಲ್ಲದ ಆರೋಪಿ. ಮ್ಯಾಜಿಸ್ಟ್ರೇಟರು ‘ಪೊಲೀಸರಿಂದ ಏನಾದರೂ ತೊಂದರೆಯಾಗಿದೆಯೇ?’ ಎಂದು ಕೇಳುತ್ತಾರೆ. ಬೆನ್ನ ಹಿಂದೆ ಅದೇ ಪೊಲೀಸರು ನಿಂತಿರುವಾಗ ಬಾಯಿಂದ ಬರುವ ಉತ್ತರ ಸಾಮಾನ್ಯವಾಗಿ ‘ಇಲ್ಲ’. ಅದು ಆರ್ಡರ್ ಶೀಟ್‌ನಲ್ಲಿ ದಾಖಲಾಗುತ್ತದೆ, ಮತ್ತು ವರ್ಷಗಳ ನಂತರ ‘ಹೊಡೆದು ಸಹಿ ಹಾಕಿಸಿಕೊಂಡರು’ ಎಂದು ವಾದಿಸುವಾಗ ಎದುರು ವಕೀಲರು ಮೊದಲು ತೆರೆಯುವುದು ಅದೇ ಹಾಳೆಯನ್ನು. ಆದ್ದರಿಂದ ಒಳಗೆ ಹೋಗುವ ಮೊದಲೇ ವಕೀಲರು ಆರೋಪಿಯೊಡನೆ ಐದು ನಿಮಿಷವಾದರೂ ಮಾತಾಡಿ, ಮೈಮೇಲೆ ಗಾಯವಿದ್ದರೆ ತೋರಿಸಲು, ಬಂಧನದ ನಿಜವಾದ ಸಮಯವನ್ನು ಹೇಳಲು, ನಾಗರಿಕ ಸುರಕ್ಷಾ ಸಂಹಿತೆಯ ಕಲಂ 53ರ ಅಡಿಯ ವೈದ್ಯಕೀಯ ತಪಾಸಣೆಯ ವರದಿಯ ಪ್ರತಿಯನ್ನು ಕೇಳಲು ಸಿದ್ಧಪಡಿಸಬೇಕು.

ವಕೀಲರ ಆಯ್ಕೆಯಲ್ಲಿ ಟಿ.ವಿ. ಚರ್ಚೆಗಳಲ್ಲಿ ಕಾಣಿಸಿಕೊಳ್ಳುವ ಮುಖವೇ ಬೇಕೆಂದು ಹಟ ಹಿಡಿಯುವುದು ಸಾಮಾನ್ಯ ತಪ್ಪು. ಬೇಕಾಗಿರುವುದು ಸೆಷನ್ಸ್ ನ್ಯಾಯಾಲಯದಲ್ಲಿ ಪಾಟೀ ಸವಾಲು ನಡೆಸಿ ಪಳಗಿದ, ಮರಣೋತ್ತರ ಪರೀಕ್ಷೆಯ ವರದಿಯನ್ನೂ ಮಹಜರನ್ನೂ (ಪಂಚರ ಸಮ್ಮುಖದಲ್ಲಿ ಪೊಲೀಸರು ಬರೆಯುವ ಸ್ಥಳ, ವಸ್ತುಗಳ ದಾಖಲೆ) ಸಾಲುಸಾಲಾಗಿ ಓದುವ ತಾಳ್ಮೆಯಿರುವ, ವರ್ಷಗಟ್ಟಲೆ ಪ್ರತಿ ತಾರೀಖಿಗೂ ಬರುವ ವಕೀಲರು. ಜನಾಕ್ರೋಶವಿದ್ದಾಗ ‘ಈ ಆರೋಪಿಯ ಪರ ಯಾರೂ ವಕಾಲತ್ತು ಹಾಕಬಾರದು’ ಎಂದು ವಕೀಲರ ಸಂಘ ನಿರ್ಣಯ ಮಾಡುವುದುಂಟು. ಅಂಥ ನಿರ್ಣಯಗಳಿಗೆ ಕಾನೂನಿನ ಬೆಲೆಯಿಲ್ಲವೆಂದು 2010ರ ಮೊಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಹಣವಿಲ್ಲದಿದ್ದರೆ, ಬಂಧನದಲ್ಲಿರುವ ಯಾವುದೇ ವ್ಯಕ್ತಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ಜಿಲ್ಲಾ ಪ್ರಾಧಿಕಾರದ ಕಚೇರಿಗೆ ಹೋಗಬಹುದು, 15100ಕ್ಕೆ ಕರೆ ಮಾಡಬಹುದು.

ಬಂಧನದ ಒಂದೆರಡು ದಿನಗಳಲ್ಲಿ ‘ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಸುದ್ದಿ ಬಂದೇ ಬರುತ್ತದೆ. ಅದರ ಮೂಲ ಹೆಚ್ಚಾಗಿ ಠಾಣೆಯಲ್ಲಿ ಬರೆದುಕೊಂಡ ‘ಸ್ವಇಚ್ಛಾ ಹೇಳಿಕೆ’. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 23ರಂತೆ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ; ಆ ಹೇಳಿಕೆಯಿಂದ ಹೊಸದಾಗಿ ಒಂದು ಸಂಗತಿ ಪತ್ತೆಯಾಗಿದ್ದರೆ, ಅದಕ್ಕೆ ಸಂಬಂಧಿಸಿದಷ್ಟು ಭಾಗ ಮಾತ್ರ ಸಾಕ್ಷ್ಯವಾಗುತ್ತದೆ. ಮ್ಯಾಜಿಸ್ಟ್ರೇಟರ ಮುಂದೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 183ರ ಅಡಿ ಕೊಡುವ ಹೇಳಿಕೆಯ ಕಥೆ ಬೇರೆ, ಅದು ನೇರವಾಗಿ ಬಳಕೆಯಾಗುತ್ತದೆ. ವಕೀಲರೊಡನೆ ಮಾತಾಡದೆ ಅದಕ್ಕೆ ಒಪ್ಪಬಾರದು. ‘ಮಂಪರು ಪರೀಕ್ಷೆಗೆ ಯಾಕೆ ಹೆದರುತ್ತಾನೆ?’ ಎಂದು ಸ್ಟುಡಿಯೋಗಳಲ್ಲಿ ಕೂಗುವವರಿಗೆ ಉತ್ತರ ಕೊಡುವ ಅಗತ್ಯವಿಲ್ಲ: ಒಪ್ಪಿಗೆಯಿಲ್ಲದೆ ಅಂಥ ಪರೀಕ್ಷೆ ಮಾಡುವಂತಿಲ್ಲವೆಂದು 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ‘ಸೆಲ್ವಿ’ ಪ್ರಕರಣ ಕರ್ನಾಟಕದಿಂದಲೇ ಹೋದದ್ದು.

ಇನ್ನು ಸಾಕ್ಷ್ಯದ ರಕ್ಷಣೆ. ಕುಟುಂಬ ಅತಿ ಹೆಚ್ಚು ಶ್ರಮ ಹಾಕಬೇಕಾದದ್ದು ಇಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಗಡಿ, ಅಪಾರ್ಟ್‌ಮೆಂಟ್, ಪೆಟ್ರೋಲ್ ಬಂಕ್‌ಗಳ ಸಿಸಿಟಿವಿ ದೃಶ್ಯಗಳು ಕೆಲವು ದಿನ ಅಥವಾ ವಾರಗಳಲ್ಲಿ ತಾವಾಗಿಯೇ ಅಳಿಸಿಹೋಗುತ್ತವೆ. ಆರೋಪಿ ಆ ಹೊತ್ತಿನಲ್ಲಿ ಬೇರೆಡೆ ಇದ್ದನೆಂದು ತೋರಿಸುವ ದೃಶ್ಯವಿದ್ದರೆ ಪೊಲೀಸರು ಅದನ್ನು ತಾವಾಗಿಯೇ ಸಂಗ್ರಹಿಸುತ್ತಾರೆಂದು ಕಾಯುತ್ತ ಕೂರದೆ, ಅದನ್ನು ಉಳಿಸಿಡುವಂತೆ ವಕೀಲರ ಮೂಲಕ ಲಿಖಿತ ನೋಟಿಸ್ ಕೊಟ್ಟು, ನ್ಯಾಯಾಲಯಕ್ಕೂ ಅರ್ಜಿ ಹಾಕಬೇಕು. ಠಾಣೆಯ ಸಿಸಿಟಿವಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್‌ನ 2020ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪು ದೃಶ್ಯಗಳನ್ನು 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಿಡಬೇಕೆಂದಿದೆ. ಮೊಬೈಲ್ ಕರೆಗಳ ಹಾಗೂ ಟವರ್‌ನ ದಾಖಲೆಗಳನ್ನು ಕಂಪನಿ ಉಳಿಸಿಡುವಂತೆಯೂ ಆರಂಭದಲ್ಲೇ ಕೋರಬೇಕು. ಮನೆಯ ಫೋನು, ಬಟ್ಟೆ, ಗಾಡಿ, ವಾಟ್ಸ್ಆ್ಯಪ್ ಸಂದೇಶ ಯಾವುದನ್ನೂ ಅಳಿಸಬಾರದು, ತೊಳೆಯಬಾರದು, ಸಾಗಿಸಬಾರದು. ಗಾಬರಿಯಲ್ಲಿ ಮಾಡಿದ್ದಾದರೂ ಅದು ಸಾಕ್ಷ್ಯನಾಶದ ಆರೋಪವಾಗಿ, ಹೊರಗಿರುವವರನ್ನೂ ಆರೋಪಿಗಳ ಪಟ್ಟಿಗೆ ಸೇರಿಸಬಹುದು.

ಮಾಧ್ಯಮದ ಗಮನ ಪ್ರತಿವಾದಕ್ಕೆ ನಿಜವಾಗಿಯೂ ನೆರವಾಗುವ ಒಂದು ಜಾಗವಿದೆ, ಅದನ್ನು ಬಹಳ ಕುಟುಂಬಗಳು ಗಮನಿಸುವುದಿಲ್ಲ. ಆರೋಪಿಯ ಹೇಳಿಕೆಯ ಮೇಲೆ ಬುಧವಾರ ಕೆರೆಯ ದಂಡೆಯಲ್ಲಿ ಮಚ್ಚು ಸಿಕ್ಕಿತೆಂದು ಮಹಜರು ಹೇಳುತ್ತದೆ, ಆದರೆ ಮಂಗಳವಾರದ ಸುದ್ದಿಯಲ್ಲೇ ಅದೇ ದಂಡೆ, ಅದೇ ಮಚ್ಚು ಕಾಣಿಸಿದೆ ಎಂದುಕೊಳ್ಳಿ. ಆಗ ‘ಆರೋಪಿ ತೋರಿಸಿದ್ದರಿಂದ ಪತ್ತೆಯಾಯಿತು’ ಎಂಬ ವಾದ ಸಡಿಲವಾಗುತ್ತದೆ. ಅದೇ ರೀತಿ, ಗುರುತು ಪತ್ತೆ ಪರೇಡ್‌ಗೆ ಮುನ್ನವೇ ಆರೋಪಿಯ ಮುಖ ಎಲ್ಲೆಡೆ ಪ್ರಸಾರವಾಗಿದ್ದರೆ, ಸಾಕ್ಷಿ ಗುರುತಿಸಿದ್ದಕ್ಕೆ ಹೆಚ್ಚು ಬೆಲೆ ಉಳಿಯುವುದಿಲ್ಲ. ಹಾಗೆಂದು ಪರೇಡ್‌ಗೆ ಸುಮ್ಮನೆ ನಿರಾಕರಿಸಿದರೆ ಅದೇ ಆರೋಪಿಯ ವಿರುದ್ಧ ತಿರುಗುತ್ತದೆ. ಮುಖ ಈಗಾಗಲೇ ಪ್ರಸಾರವಾಗಿದೆ ಎಂಬ ಆಕ್ಷೇಪವನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು. ಇದಕ್ಕಾಗಿ ಪ್ರತಿದಿನದ ಪ್ರಸಾರವನ್ನು ವಾಹಿನಿ, ದಿನಾಂಕ, ಸಮಯ ಕಾಣುವಂತೆ ಒಬ್ಬರೇ ವ್ಯಕ್ತಿ ಉಳಿಸುತ್ತಾ ಹೋಗುವುದು ಒಳ್ಳೆಯದು, ಏಕೆಂದರೆ ಮುಂದೆ ಡಿಜಿಟಲ್ ದಾಖಲೆಗಳಿಗೆ ಕೊಡಬೇಕಾದ, ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ. ಪತ್ರಿಕಾ ವರದಿ ತಾನಾಗಿಯೇ ಸಾಕ್ಷ್ಯವಲ್ಲ, ಅದು ಕೇಳಿದ ಮಾತಷ್ಟೇ ಎಂದು 1988ರ ಲಕ್ಷ್ಮೀರಾಜ್ ಶೆಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ, ತುಣುಕುಗಳನ್ನು ಕೂಡಿಟ್ಟರೆ ಸಾಲದು, ಅವುಗಳನ್ನು ರುಜುವಾತುಪಡಿಸುವವರೂ ಬೇಕು.

ಮಾತಿನ ವಿಷಯಕ್ಕೆ ಬಂದರೆ, ಕುಟುಂಬದ ಪರವಾಗಿ ಒಬ್ಬರೇ ಮಾತಾಡಬೇಕು, ಅದೂ ವಕೀಲರು ಓದಿ ಒಪ್ಪಿದ ನಾಲ್ಕು ಸಾಲಿನ ಲಿಖಿತ ಹೇಳಿಕೆಯ ರೂಪದಲ್ಲಿ: ಪ್ರಕರಣ ನ್ಯಾಯಾಲಯದಲ್ಲಿದೆ, ತನಿಖೆಗೆ ಸಹಕರಿಸುತ್ತಿದ್ದೇವೆ, ಮೃತರ ಕುಟುಂಬದ ದುಃಖವನ್ನು ಗೌರವಿಸುತ್ತೇವೆ, ಮನೆಯ ಮಕ್ಕಳ ಚಿತ್ರ ತೋರಿಸಬೇಡಿ. ಇಷ್ಟು ಸಾಕು. ‘ಆ ರಾತ್ರಿ ಒಂಬತ್ತಕ್ಕೆ ಅವನು ಮನೆಯಲ್ಲಿ ಊಟ ಮಾಡುತ್ತಿದ್ದ’ ಎಂದು ತಾಯಿ ಕ್ಯಾಮೆರಾದ ಮುಂದೆ ಹೇಳಿ, ಮುಂದೆ ಸಾಕ್ಷಿಕಟ್ಟೆಯಲ್ಲಿ ‘ಹತ್ತೂವರೆ’ ಎಂದರೆ, ಪಾಟೀ ಸವಾಲಿನಲ್ಲಿ ಆ ವಿಡಿಯೊವನ್ನು ಮುಂದಿಟ್ಟು ಅವರ ಇಡೀ ಸಾಕ್ಷ್ಯವನ್ನು ಅನುಮಾನಕ್ಕೆ ಒಡ್ಡಬಹುದು. ಬೇರೆಡೆ ಇದ್ದನೆಂಬ ವಾದವನ್ನು ರುಜುವಾತುಪಡಿಸುವ ಹೊಣೆ ಆರೋಪಿಯ ಮೇಲೆಯೇ ಇರುವುದರಿಂದ ಈ ಒಂದೂವರೆ ಗಂಟೆಯ ವ್ಯತ್ಯಾಸ ಚಿಕ್ಕದಲ್ಲ.

ಅಭಿಮಾನಿಗಳು, ಜಾತಿಯವರು, ಪಕ್ಷದವರು, ಊರಿನವರು ಬೆಂಬಲಕ್ಕೆ ನಿಂತಾಗ ಕುಟುಂಬಕ್ಕೆ ಧೈರ್ಯ ಬರುತ್ತದೆ. ವಕೀಲರಿಗೆ ಎದೆ ನಡುಗುತ್ತದೆ. ಮೃತರ ಮನೆಯವರನ್ನು ಜಾಲತಾಣಗಳಲ್ಲಿ ನಿಂದಿಸುವುದು, ಸಾಕ್ಷಿಗಳ ಹೆಸರು ಹರಿಬಿಡುವುದು, ನ್ಯಾಯಾಲಯದ ಮುಂದೆ ಜೈಕಾರ ಹಾಕುವುದು ಎಲ್ಲವೂ ‘ಆರೋಪಿ ಪ್ರಭಾವಿ, ಹೊರಬಂದರೆ ಸಾಕ್ಷಿಗಳನ್ನು ಬೆದರಿಸುತ್ತಾನೆ’ ಎಂಬ ಪ್ರಾಸಿಕ್ಯೂಷನ್ ವಾದಕ್ಕೆ ಪುರಾವೆಯಾಗುತ್ತದೆ. ಬೆಂಬಲಿಗರು ಸುಮ್ಮನಿರಬೇಕೆಂದು ಕುಟುಂಬವೇ ಬಹಿರಂಗವಾಗಿ ಕೋರುವುದು ಒಳ್ಳೆಯದು. ಮನೆಯವರಾರೂ ಸಾಕ್ಷಿಗಳ ಬಳಿಗೆ ‘ಸುಮ್ಮನೆ ಮಾತಾಡಲು’ ಕೂಡ ಹೋಗಬಾರದು. ಜೈಲಿನೊಳಗೆ ವಿಶೇಷ ಸವಲತ್ತು ಪಡೆದದ್ದು ಹೊರಬಂದರೆ ಅದೂ ಜಾಮೀನಿಗೆ ಮುಳುವಾಗುತ್ತದೆ.

ಸುಳ್ಳು ವರದಿಗಳ ವಿರುದ್ಧ ದಾರಿಗಳಿವೆ. ನ್ಯಾಯಯುತ ವಿಚಾರಣೆಗೆ ನಿಜವಾದ ಅಪಾಯವಿದ್ದಾಗ ವರದಿಗಾರಿಕೆಯನ್ನು ತಾತ್ಕಾಲಿಕವಾಗಿ ಮುಂದೂಡುವಂತೆ ಆದೇಶಿಸಬಹುದೆಂದು ಸುಪ್ರೀಂ ಕೋರ್ಟ್‌ನ 2012ರ ಸಹಾರಾ ತೀರ್ಪು ಒಪ್ಪಿದೆ. ಪ್ರಕರಣವನ್ನು ಬೇರೆ ಜಿಲ್ಲೆಗೆ ವರ್ಗಾಯಿಸಲು ಹೈಕೋರ್ಟ್‌ಗೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 447ರ ಅಡಿ ಅರ್ಜಿ ಹಾಕಬಹುದು. ಆದರೆ ಪ್ರತಿ ವಾಹಿನಿಯ ಮೇಲೆ ಮೊಕದ್ದಮೆ ಹೂಡುತ್ತಾ ಹೋದರೆ ಅದೇ ಮತ್ತೊಂದು ವಾರದ ಸುದ್ದಿಯಾಗುತ್ತದೆ, ಹಣವೂ ವಕೀಲರ ಸಮಯವೂ ಮೂಲ ಪ್ರಕರಣದಿಂದ ಆಚೆ ಹರಿಯುತ್ತದೆ. ಸಾಕ್ಷಿಯೊಬ್ಬರ ಸಂದರ್ಶನ, ವಕೀಲರೊಡನೆ ನಡೆದ ಗೋಪ್ಯ ಮಾತುಕತೆ, ಮಕ್ಕಳ ಗುರುತು ಇಂಥವುಗಳಿಗೆ ಮಾತ್ರ ನ್ಯಾಯಾಲಯದ ಮೆಟ್ಟಿಲು ಹತ್ತುವುದು ವಿವೇಕ.

ಕ್ಯಾಲೆಂಡರ್‌ನಲ್ಲಿ ಗುರುತು ಹಾಕಬೇಕಾದ ದಿನಗಳಿವೆ. ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮೀರುವಂತಿಲ್ಲ, ಆದರೆ ಕೊಲೆ ಪ್ರಕರಣದಲ್ಲಿ ಅದನ್ನು ಮೊದಲ 60 ದಿನಗಳೊಳಗೆ ಬಿಡಿಬಿಡಿಯಾಗಿಯೂ ಕೇಳಬಹುದು. 90 ದಿನಗಳೊಳಗೆ ದೋಷಾರೋಪ ಪಟ್ಟಿ ಬಾರದಿದ್ದರೆ ಜಾಮೀನು ಹಕ್ಕಾಗುತ್ತದೆ. ಆದರೆ ಪಟ್ಟಿ ಸಲ್ಲಿಕೆಯಾಗುವ ಮೊದಲೇ ಅರ್ಜಿ ಹಾಕಿರಬೇಕು, ಇಲ್ಲವಾದರೆ ಹಕ್ಕು ಕೈತಪ್ಪುತ್ತದೆ. ಪಟ್ಟಿ ಬಂದ ಮೇಲೆ ಹೇಳಿಕೆಗಳ, ವರದಿಗಳ, ವಿಡಿಯೊಗಳ ಪ್ರತಿ ಪೂರ್ತಿ ಸಿಕ್ಕಿದೆಯೇ ಎಂದು ಪುಟ ಎಣಿಸಿ ನೋಡಬೇಕು. ಆ ಪುಟಗಳನ್ನು ‘ಸತ್ಯ ಜನರಿಗೆ ಗೊತ್ತಾಗಲಿ’ ಎಂದು ಪತ್ರಕರ್ತರಿಗೆ ಹಂಚಬಾರದು. ನಿಮಗೆ ಅನುಕೂಲವಾಗಿ ಕಂಡ ಒಂದು ಪುಟದ ಪಕ್ಕದಲ್ಲೇ ಅನುಕೂಲವಲ್ಲದ ಪುಟವೂ ಇರುತ್ತದೆ.

ತೀರ್ಪಿನ ದಿನವೂ ಇದೇ ಶಿಸ್ತು ಬೇಕು. ಶಿಕ್ಷೆಯಾದರೆ ಹೈಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಲು ಸಾಮಾನ್ಯವಾಗಿ 60 ದಿನ, ಮರಣದಂಡನೆಯಾದರೆ 30 ದಿನ. ಮಗಳು ಆರುಷಿಯ ಕೊಲೆ ಪ್ರಕರಣದಲ್ಲಿ 2013ರಲ್ಲಿ ಶಿಕ್ಷೆಗೊಳಗಾದ ತಂದೆತಾಯಿಯನ್ನು ಅಲಹಾಬಾದ್ ಹೈಕೋರ್ಟ್ 2017ರಲ್ಲಿ ಬಿಡುಗಡೆ ಮಾಡಿತು. ಖುಲಾಸೆಯಾದರೂ ಸರ್ಕಾರ ಮತ್ತು ಮೃತರ ಕುಟುಂಬ ಇಬ್ಬರಿಗೂ ಮೇಲ್ಮನವಿಯ ಹಕ್ಕಿದೆ; ಜೆಸ್ಸಿಕಾ ಲಾಲ್ ಪ್ರಕರಣದಲ್ಲಿ 2006ರ ಫೆಬ್ರವರಿಯಲ್ಲಿ ಖುಲಾಸೆಯಾದ ಮುಖ್ಯ ಆರೋಪಿಗೆ ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಜೀವಾವಧಿ ಶಿಕ್ಷೆ ವಿಧಿಸಿತು, 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಾಯಂಗೊಳಿಸಿತು. ಆದ್ದರಿಂದ ಖುಲಾಸೆಯ ಸಂಜೆ ಪಟಾಕಿ, ಮೆರವಣಿಗೆ, ದೀರ್ಘ ಸಂದರ್ಶನಗಳಿಗೆ ಅವಕಾಶ ಕೊಡದೆ, ತೀರ್ಪಿನ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ನೋಟ್‌ಬುಕ್, ರೆಕಾರ್ಡಿಂಗ್‌ಗಳು ಮತ್ತು ಮೂಲ ದಾಖಲೆಗಳನ್ನು ಮೇಲ್ಮನವಿಯ ಹಂತ ಪೂರ್ತಿ ಮುಗಿಯುವವರೆಗೆ ವಕೀಲರ ಕಚೇರಿಯಲ್ಲೊಂದು, ಮನೆಯಲ್ಲೊಂದು ಪ್ರತಿಯಂತೆ ಜೋಪಾನವಾಗಿಡಬೇಕು.