ಗೋಲಿ ಉರುಳಿಸಿ ರುದರ್‌ಫರ್ಡ್ ಪ್ರಯೋಗ: ಮನೇಲೇ ಮಾಡೋದು ಹೇಗೆ

ಪರಮಾಣುವಿನ ಒಳಗೆ ನ್ಯೂಕ್ಲಿಯಸ್ ಇದೆ ಅಂತ ಎಲ್ಲರೂ ಬಾಯಿಪಾಠ ಮಾಡಿದವರೇ. ಕಣ್ಣಿಗೇ ಕಾಣದ್ದನ್ನು ಅರ್ನೆಸ್ಟ್ ರುದರ್‌ಫರ್ಡ್ ಹೇಗೆ ಪತ್ತೆ ಮಾಡಿದರು ಅಂತ ಮಗು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತೇವೆ. ಕತ್ತಲಲ್ಲಿ ಕಲ್ಲೆಸೆದು ಸದ್ದು ಕೇಳೋ ಹಾಗೆ, ಏನಾದರೂ ಎಸೆದು ಎಷ್ಟು ತಾಗಿದವು ಅಂತ ಎಣಿಸೋದು, ಅಷ್ಟೇ. ಏಳು ಗೋಲಿ ಇದ್ದರೆ ನೀವೂ ಮಾಡಬಹುದು.

ನುಣುಪಾದ ನೆಲ ಬೇಕು. ರೆಡ್ ಆಕ್ಸೈಡ್ ನೆಲ ಇದ್ದರೆ ಅದೃಷ್ಟ, ಟೈಲ್ಸ್ ಆದರೆ ಸಂದಿಗೆ ಸಿಕ್ಕಿ ಗೋಲಿ ದಾರಿ ತಪ್ಪುತ್ತೆ. ಸೀಮೆಸುಣ್ಣದಲ್ಲಿ 60 ಸೆಂಟಿಮೀಟರ್ ಗೆರೆ ಎಳೆಯಿರಿ. ಅದರಿಂದ ಎರಡು ಮೊಳ ದೂರದಲ್ಲಿ, ಅದೇ ಅಗಲದೊಳಗೆ, ಒಂದೇ ಅಳತೆಯ 6 ಗೋಲಿ ಇಡಿ. ನಡುವೆ ನಾಲ್ಕು ಬೆರಳಿನಷ್ಟಾದರೂ ಜಾಗ ಇರಲಿ. ಮುಂದೆ ಒಂದು ರಟ್ಟು ನಿಲ್ಲಿಸಿ, ಕೆಳಗೆ ಗೋಲಿ ನುಸುಳುವಷ್ಟು ಸಂದಿ ಬಿಡಿ. ಏಳನೇ ಗೋಲಿಯನ್ನು ಗೆರೆಯಿಂದ ನೇರಕ್ಕೆ ಉರುಳಿಸಿ. 200 ಸಲ! ಟಕ್ ಅಂದರೆ ಒಂದು ಗೀಟು ಹಾಕಿ. ಒಂದೇ ಸಲಕ್ಕೆ ಎರಡು ಟಕ್ ಆದರೂ ಗೀಟು ಒಂದೇ. ಸರಿದ ಗೋಲಿಯನ್ನು ಮತ್ತೆ ಜಾಗಕ್ಕೆ ಇಡೋಕೆ ರಟ್ಟಿನ ಹಿಂದೆ ಒಬ್ಬರು ಕೂತಿರಬೇಕು.

ಎಲ್ಲರೂ ಎಡವೋದು ಒಂದೇ ಕಡೆ. ಗೋಲಿ ಆಡಿ ಪಳಗಿದ ಕೈ ಸುಮ್ನೆ ಇರಲ್ಲ, ಗುರಿ ಇಟ್ಟೇ ಬಿಡುತ್ತೆ. ಗುರಿ ಇಟ್ಟರೆ ಲೆಕ್ಕ ಪೂರ್ತಿ ಹಾಳು. ರಟ್ಟು ಇರೋದೇ ಅದಕ್ಕೆ. ಗೆರೆಯ ಮೇಲೆ ಒಂದೇ ಜಾಗದಿಂದ ಬಿಡಬೇಡಿ, ಆ ತುದಿಯಿಂದ ಈ ತುದಿವರೆಗೆ ಬೇರೆಬೇರೆ ಕಡೆಯಿಂದ ಬಿಡಿ.

ಈಗ ಲೆಕ್ಕ. ತಾಗಿದ್ದು 62 ಅಂತಿಟ್ಟುಕೊಳ್ಳಿ. ಅದನ್ನು 60ರಿಂದ ಗುಣಿಸಿ, ಬಂದದ್ದನ್ನು 2 × 6 × 200ರಿಂದ ಭಾಗಿಸಿ. 1.55 ಸೆಂಟಿಮೀಟರ್. ಅದೇ ಗೋಲಿಯ ಅಡ್ಡಳತೆ! ಸ್ಕೇಲ್ ಇಟ್ಟು ನೋಡಿ, ಹತ್ತಿರ ಇರುತ್ತೆ. ಆ 2 ಯಾಕೆ ಅಂದರೆ, ಉರುಳುವ ಗೋಲಿಗೂ ಮೈ ಇದೆ ಅಲ್ವಾ? ಅದರ ನಡುಭಾಗ ಎಡಕ್ಕೋ ಬಲಕ್ಕೋ ಒಂದು ಗೋಲಿಯಷ್ಟು ಆಚೆ ಹೋದರೂ ಅಂಚು ಸವರಿಕೊಂಡೇ ಹೋಗುತ್ತೆ.

ಮ್ಯಾಂಚೆಸ್ಟರ್‌ನಲ್ಲಿ ರುದರ್‌ಫರ್ಡ್ ಪ್ರಯೋಗಾಲಯದಲ್ಲಿ 1909ರಲ್ಲಿ ಅವರ ಸಹಾಯಕ ಗೈಗರ್ ಮತ್ತು ಇನ್ನೂ ವಿದ್ಯಾರ್ಥಿಯಾಗಿದ್ದ ಮಾರ್ಸ್‌ಡನ್ ಮಾಡಿದ್ದೂ ಎಣಿಕೆಯೇ. ಅವರ ಗೋಲಿ ಆಲ್ಫಾ ಕಣ (ರೇಡಿಯಂನಂಥ ವಸ್ತುವಿನಿಂದ ಚಿಮ್ಮುವ, ಧನ ವಿದ್ಯುತ್ ಇರುವ ಸಣ್ಣ ಕಣ), ಗುರಿ ತೆಳು ಲೋಹದ ಹಾಳೆ. ಟಕ್ ಬದಲು ಜಿಂಕ್ ಸಲ್ಫೈಡ್ ಪರದೆ ಮೇಲೆ ಸಣ್ಣ ಮಿಂಚು. ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಕಾದು, ಮೈಕ್ರೋಸ್ಕೋಪಿನಲ್ಲಿ ಒಂದೊಂದೇ ಎಣಿಸಬೇಕಿತ್ತು. ನಮ್ಮ 200 ಏನೂ ಅಲ್ಲ ಬಿಡಿ. ಎಲ್ಲರೂ ಚಿನ್ನದ ಹಾಳೆ ಅಂತಾರೆ, ಆದರೆ ಸುಮಾರು 8000ಕ್ಕೆ ಒಂದು ಕಣ ವಾಪಸ್ ಬಂತು ಅನ್ನೋ ಪ್ರಸಿದ್ಧ ಲೆಕ್ಕ ಪ್ಲಾಟಿನಂನದ್ದು. ಪರಮಾಣುವಿನ ತುಂಬ ಧನ ವಿದ್ಯುತ್ ಹರಡಿದೆ ಅನ್ನೋ, ಆಗ ಚಾಲ್ತಿಯಲ್ಲಿದ್ದ ವಿಜ್ಞಾನಿ ಥಾಮ್ಸನ್ ಲೆಕ್ಕದಲ್ಲಿ ಹಾಗೆ ವಾಪಸ್ ಬರೋಕೆ ಸಾಧ್ಯವೇ ಇರಲಿಲ್ಲ. 1911ರಲ್ಲಿ ರುದರ್‌ಫರ್ಡ್ ಬರೆದರು: ಆ ವಿದ್ಯುತ್ತೆಲ್ಲ ನಡುವಿನ ಒಂದು ಚುಕ್ಕೆಯಲ್ಲಿದೆ. ಆ ಚುಕ್ಕೆಯೇ ನ್ಯೂಕ್ಲಿಯಸ್. ಗೋಲಿಯನ್ನೇ ಚಿನ್ನದ ನ್ಯೂಕ್ಲಿಯಸ್ ಅಂದುಕೊಂಡರೆ ಪರಮಾಣು ಸುಮಾರು 300 ಮೀಟರ್ ಅಗಲ.

ನಮ್ಮ ಆಟದಲ್ಲಿ ಒಂದು ಕೊರತೆ ಇದೆ. ಗೋಲಿ ತಾಗಿದರೆ ಮಾತ್ರ ತಿರುಗುತ್ತೆ. ಆಲ್ಫಾ ಕಣ ತಾಗಬೇಕಿಲ್ಲ, ಅದೂ ನ್ಯೂಕ್ಲಿಯಸ್ಸೂ ಎರಡೂ ಧನ ವಿದ್ಯುತ್ ಆದ್ದರಿಂದ ದೂರದಿಂದಲೇ ತಳ್ಳಿಸಿಕೊಂಡು ಬಾಗುತ್ತೆ.

ಮಕ್ಕಳಿಗೆ ಬೇಜಾರಾದರೆ ಆರು ಗೋಲಿ ತೆಗೆದು, ಮುಚ್ಚಿದ ರಟ್ಟಿನಡಿ ತ್ರಿಕೋನದ್ದೋ ಚೌಕದ್ದೋ ಒಂದು ಮರದ ತುಂಡು ಇಡಿ. ಗೋಲಿ ಯಾವ ಕಡೆ ಹೊರಬಂತು ಅಂತ ಬಾಣದ ಗುರುತು ಹಾಕಿಸಿ, ಒಳಗಿರೋ ಆಕಾರ ಬರೆಯಲು ಹೇಳಿ. ರಟ್ಟು ಎತ್ತಿ ನೋಡೋಕೆ ಮಾತ್ರ ಬಿಡಬೇಡಿ.