ಹಿಮದ ಭಾರಕ್ಕೆ ಹಾಯಿದೋಣಿಯ ಹೊದಿಕೆ ಕುಸಿಯದಿರಲು
ಮಿಷಿಗನ್ ಸರೋವರದ ದಂಡೆಯಂತಹ ಹಿಮ ಹೆಚ್ಚು ಬೀಳುವ ಕಡೆ ಚಳಿಗಾಲಕ್ಕೆ ಹಾಯಿದೋಣಿಯನ್ನು ದಡದಲ್ಲಿ ನಿಲ್ಲಿಸುವವರು, ಟಾರ್ಪಾಲನ್ನು ಅಂಚಿನ ಕಂಬಿಗಳ ಮೇಲೆ ಸುಮ್ಮನೆ ಹಾಸದೆ, ದೋಣಿಯ ಉದ್ದಕ್ಕೂ ಎತ್ತರದಲ್ಲಿ ಒಂದು ಮರದ ತೊಲೆಯನ್ನು ಕೂರಿಸಿ, ಹಂಚಿನ ಮನೆಯ ಮಾಡಿನಂತೆ ಎರಡೂ ಬದಿಗೆ ಸುಮಾರು 45 ಡಿಗ್ರಿ ಇಳಿಜಾರು ಬರುವ ಹಾಗೆ ಅದನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಹೊಸದಾಗಿ ಬಿದ್ದ ಒಣ ಹಿಮ ಘನ ಮೀಟರಿಗೆ ಸುಮಾರು 50ರಿಂದ 100 ಕಿಲೋ ತೂಗಿದರೆ ನೀರುಂಡ ಹಿಮ ಅದರ ಹಲವು ಪಟ್ಟು ತೂಗುತ್ತದೆ. ಹೊದಿಕೆ ಒಂದೇ ಕಡೆ ಜೋತುಬಿದ್ದರೂ ಸಾಕು, ಅಲ್ಲಿ ಕರಗಿದ ನೀರು ನಿಂತು, ರಾತ್ರಿ ಹೆಪ್ಪುಗಟ್ಟಿ, ಮುಂದಿನ ಹಿಮಕ್ಕೆ ತೊಟ್ಟಿಯಾಗುತ್ತದೆ. ಕಳಚಿಟ್ಟ ಹಾಯಿಕಂಬವನ್ನೇ ತೊಲೆಯಾಗಿ ಬಳಸುವವರಿದ್ದಾರೆ, ಆದರೆ ನಡುವೆ ಆಸರೆ ಸಾಲದಿದ್ದರೆ ಅದು ಬಾಗೀತೆಂಬ ಕಾರಣಕ್ಕೆ ನನಗದು ಒಪ್ಪಿಗೆಯಿಲ್ಲ. ಹಗ್ಗಗಳನ್ನು ದೋಣಿಯ ಹೊಟ್ಟೆಯಡಿ ಹಾಯಿಸಿ ಆಚೆ ಬದಿಗೆ ಕಟ್ಟಬೇಕೇ ಹೊರತು ದೋಣಿಗೆ ಆಸರೆಯಾದ ಸ್ಟ್ಯಾಂಡುಗಳಿಗೆ ಎಂದಿಗೂ ಕಟ್ಟಬಾರದು, ಏಕೆಂದರೆ ಗಾಳಿಗೆ ಬಡಿದಾಡುವ ಹೊದಿಕೆ ಅವನ್ನೇ ಕಿತ್ತು ದೋಣಿಯನ್ನು ಉರುಳಿಸಬಲ್ಲದು. ಮಳೆ ಬಿದ್ದು ಹೊದಿಕೆಯ ಮೇಲೆಯೇ ಹೆಪ್ಪುಗಟ್ಟಿದಾಗ ಅದಕ್ಕಂಟಿದ ಹಿಮ ಎಂತಹ ಇಳಿಜಾರಿನಲ್ಲೂ ಜಾರುವುದಿಲ್ಲ. ಆಗ ಒಳಗಿನಿಂದ ಮೆತ್ತನೆಯ ಪೊರಕೆಯಲ್ಲಿ ಮೆಲ್ಲಗೆ ತಟ್ಟಿ ಬೀಳಿಸಬೇಕು, ಸಲಿಕೆಯನ್ನು ಮಾತ್ರ ಬಳಸಬಾರದು.